ಚಾರ್ ಮಿನಾರಿಗೆ ನೋಟಿಸ್ ಕೊಡುವುದು ಹೇಗೆ?

ಕೊರೊನಾ ಕಳೆದ ಮರುವರ್ಷ ನಾನು ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಪೇಟೆಗಳಿಗೆ ಮಾರುಕಟ್ಟೆ ಮೇಲ್ವಿಚಾರಕನಾಗಿದ್ದೆ. ಹರಾಜು ನೆಟ್ಟಗೆ ನಡೆಯುತ್ತದೆಯೇ, ಬೆಳೆದವರ ಕೈಗೆ ನ್ಯಾಯವಾದ ಬೆಲೆ ಸಿಗುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ನೋಡಬಹುದಿತ್ತು, ಆಗಾಗ ನೋಟಿಸ್ ಕೊಡಬಹುದಿತ್ತು. ಅದಕ್ಕಿಂತ ಹೆಚ್ಚಿನ ಅಧಿಕಾರವಿದೆ ಎಂದು ನಮ್ಮ ಮನೆಯವರು ಮಾತ್ರ ನಂಬಿದ್ದರು.

ಲೋಕವನ್ನೇ ಜೇಬಿಗೆ ಹಾಕಿಕೊಂಡ ಕಂಪನಿಗಳಿಗೆ ಪೇಪರಿನವರು 'ಬಿಗ್ ಫೋರ್', 'ಬಿಗ್ ಫೈವ್' ಎಂದು ಹೆಸರಿಡುತ್ತಾರೆ. ಈ ವಿದ್ಯೆಯಲ್ಲಿ ನಮ್ಮ ಕಡೆಯ ಜನ ಹಿಂದೆ ಬಿದ್ದವರಲ್ಲ. ಹಾನಗಲ್ಲಿನಲ್ಲಿ ಮಾವಿನ ತೋಟ ಗುತ್ತಿಗೆ ಹಿಡಿಯುವವರು 'ಅಷ್ಟದಿಕ್ಪಾಲಕರು'. ಎಣಿಸಿದರೆ ಆರೇ ಜನ, ಇರಲಿ. ಹಿರೇಕೆರೂರಿನಲ್ಲಿ ಗೋವಿನಜೋಳ ಕೊಳ್ಳುವ ಮೂವರು 'ತ್ರಿಮೂರ್ತಿಗಳು'. ಸವಣೂರಿನ ಪೇಟೆಯಲ್ಲಿ ವೀಳ್ಯದೆಲೆ ಎತ್ತುವ ನಾಲ್ವರು ದೊಡ್ಡ ವರ್ತಕರಿಗೆ 'ಚಾರ್ ಮಿನಾರ್'.

ಒಂದು ಮಧ್ಯಾಹ್ನ ಹಿರೇಬೆಂಡಿಗೇರಿಯ ಶಾಂತವ್ವ ಬಾಡಿದ ಎಲೆಯ ಬುಟ್ಟಿಯನ್ನು ತಂದು ನನ್ನ ಮೇಜಿನ ಮೇಲೆಯೇ ಇಟ್ಟಳು.

"ಚಾರ್ ಮಿನಾರ್ ನನ್ನ ಮ್ಯಾಲ ಸಿಟ್ಟಾಗೇತ್ರಿ ಸಾಹೇಬ್ರ. ದಿನಾ ಹಿಂಗ ಬಾಡಸ್ತಾರ. ಬಳ್ಳಿ ಇಟ್ಕೊಳ್ಲೋ, ಕಿತ್ತು ಒಗೀಲೋ, ನೀವ ಹೇಳ್ರಿ."

ಅತ್ತೆ ಹಚ್ಚಿದ ಎಲೆಬಳ್ಳಿಯ ತೋಟ ಅದು. ಗಂಡ ತೀರಿದ ಮೇಲೆ ಮನೆ ನಡೆದದ್ದೇ ಅದರಿಂದ. ಬಳ್ಳಿ ಕಿತ್ತರೆ ಮತ್ತೆ ಹಬ್ಬಿಸಿ ಎಲೆ ಕೊಯ್ಯಲು ವರ್ಷಗಳೇ ಬೇಕು. ಅವಳು ಮಾಡಿದ ತಪ್ಪು ಇಷ್ಟೆ: ಹಿಂದಿನ ಹಂಗಾಮಿನಲ್ಲಿ ಸ್ವಲ್ಪ ಎಲೆಯನ್ನು ನೇರವಾಗಿ ಹುಬ್ಬಳ್ಳಿಗೆ ಕಳಿಸಿದ್ದಳು. ನಾಲ್ವರಲ್ಲಿ ಒಬ್ಬನಾದ ವೀರಪ್ಪನಿಗೆ ಅದು ಮುಳ್ಳಾಗಿ ಚುಚ್ಚಿತ್ತು.

ನಾಲ್ವರೂ ಕೂಡಿ ಬೆಲೆ ಇಳಿಸುತ್ತಿದ್ದಾರೆ ಎಂದಾದರೆ ಅದು ಗಂಭೀರ ಪ್ರಕರಣ. ಆದರೆ ಅಡ್ಡಹೆಸರಿಗೆ ನೋಟಿಸ್ ಕೊಡಲು ಯಾವ ಕಾಯ್ದೆಯಲ್ಲೂ ಅವಕಾಶವಿಲ್ಲ. ಕೂಡಿದ್ದಕ್ಕೆ ಪುರಾವೆ ಬೇಕು. ಮರುದಿನ ಬೆಳಿಗ್ಗೆ ಹೋಗಿ ಪೇಟೆಯ ಮೂಲೆಯಲ್ಲಿ ನಿಂತೆ.

ಅಲ್ಲೊಂದು ರೂಢಿಯಿತ್ತು. ವರ್ತಕ ತನಗೆ ಬೇಕಾದ ಬುಟ್ಟಿಯ ಮೇಲೆ ತನ್ನ ದಸ್ತಿ, ಅಂದರೆ ಕರವಸ್ತ್ರ, ಹಾಕುತ್ತಾನೆ. ದಸ್ತಿ ಬಿದ್ದ ಬುಟ್ಟಿಯ ಬೆಲೆಯನ್ನು ಬೇರೆ ವರ್ತಕರು ಕೇಳುವುದಿಲ್ಲ. ವೀರಪ್ಪ ಬಂದವನೇ ಶಾಂತವ್ವನ ಬುಟ್ಟಿಗಳ ಮೇಲೆ ದಸ್ತಿ ಹಾಸಿ, ಬಾಯಿಗೆ ಬಂದ ಕಡಿಮೆ ದರ ಹೇಳಿ, ಚಹಾ ಕುಡಿಯಲು ಹೋದ. ಬಿಸಿಲೇರಿತು, ಎಲೆ ಸೊರಗಿತು. ಉಳಿದ ಮೂವರು ಆ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಇನ್ನೇನು ಬೇಕು, ಪಕ್ಕಾ ಕೂಟ ಅಂದುಕೊಂಡೆ.

ಕಚೇರಿಗೆ ಒಬ್ಬೊಬ್ಬರನ್ನೇ ಕರೆಸಿದೆ. ಮೊದಲು ಬಂದವರು ಖಾದರಸಾಬರು. ನಾಲ್ವರಲ್ಲಿ ಹಿರಿಯರು, ಮಾತಿನಲ್ಲಿ ಮೆತ್ತಗೆ.

"ಶಾಂತವ್ವನ ಎಲಿ ಹೆಂಗೈತ್ರಿ?" ಎಂದು ಕೇಳಿದೆ.

"ಛಲೋ ಮಾಲ್ರಿ. ನನಗ ಬೇಕಾಗಿತ್ತು."

"ಹಂಗಾದ್ರ ಯಾಕ ಕೇಳ್ಲಿಲ್ಲ?"

"ದಸ್ತಿ ಬಿದ್ದಿತ್ತಲ್ರಿ. ಅದರ ಮ್ಯಾಲ ಕೇಳಿದ್ರ ಚಾರ್ ಮಿನಾರದವ್ರು ಸುಮ್ನ ಬಿಡ್ತಾರೇನ್ರಿ?"

ನಾನು ಪೆನ್ನು ಕೆಳಗಿಟ್ಟೆ. "ಸಾಹೇಬ್ರ, ಚಾರ್ ಮಿನಾರದಾಗ ನೀವೂ ಒಬ್ರು!"

"ಹೌದ್ರಿ," ಎಂದರು ಖಾದರಸಾಬರು, ಸ್ವಲ್ಪ ಯೋಚಿಸಿ. "ಉಳಿದ ಮೂರು ಮಂದಿ ಅದಾರಲ್ರಿ?"

ಇನ್ನಿಬ್ಬರೂ ಬೇರೆ ಬೇರೆ ಮಾತಿನಲ್ಲಿ ಇದನ್ನೇ ಹೇಳಿದರು. ವಿಚಾರಿಸಿದಾಗ ತಿಳಿದದ್ದೆಂದರೆ, ಈ ನಾಲ್ವರು ಒಂದೇ ಒಂದು ದಿನವೂ ಕೂಡಿ ಕೂತು ಮಾತಾಡಿದವರಲ್ಲ. ಖಾದರಸಾಬರು ಮತ್ತು ವೀರಪ್ಪ ಒಬ್ಬರ ಅಂಗಡಿಯ ಚಹಾ ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಜನ ಒಂದು ಹೆಸರಿಟ್ಟರು. ಆ ಹೆಸರಿಗೆ ಜನರೂ ಹೆದರಿದರು, ಹೆಸರು ಹೊತ್ತವರೂ ಹೆದರಿದರು. ನನಗೆ ನಗು ಬಂತು, ಸಿಟ್ಟೂ ಬಂತು. ಈ ಗಾಳಿಗುದ್ದಾಟಕ್ಕೆ ಒಬ್ಬ ಹೆಣ್ಣುಮಗಳ ತೋಟ ಹೋಗುವುದರಲ್ಲಿತ್ತು.

ಅಂದು ಕಚೇರಿಯಿಂದ ಎದ್ದು ಹೊರಟ ಖಾದರಸಾಬರನ್ನು ಕೇಳಿದ್ದೆ, ಬಿದ್ದ ದಸ್ತಿಯನ್ನು ಯಾರೂ ತೆಗೆಯುವಂತಿಲ್ಲವೇ ಎಂದು. "ಮಾಲಿನ ಧಣಿ ಮಡಚಿ ವಾಪಸ್ ಕೊಟ್ರ ಮುಗೀತ್ರಿ. ಮೊದಲ ಕೊಡ್ತಿದ್ರು. ಈಗ ಯಾರಿಗೈತ್ರಿ ಅಷ್ಟು ಧೈರ್ಯ?" ಅಂದಿದ್ದರು.

ಶಾಂತವ್ವನಿಗೆ ಇದನ್ನು ಹೇಳಿದೆ.

"ಕೊಟ್ಟ ಮ್ಯಾಲ ನಾಲ್ಕೂ ಮಂದಿ ಬ್ಯಾಡ ಅಂದ್ರ?"

"ಅಂದ್ರೂ ಅನ್ನಬಹುದು, ಶಾಂತವ್ವ. ನಾ ಮಾತು ಕೊಡಾಕ ಬರೂದಿಲ್ಲ."

ಮರುದಿನ ವೀರಪ್ಪನ ದಸ್ತಿ ಎಂದಿನಂತೆ ಬಿತ್ತು. ಶಾಂತವ್ವ ಅದನ್ನು ಎತ್ತಿ ಕೊಡವಿ, ನಾಲ್ಕು ಮಡಿಕೆ ಮಾಡಿ, ಎರಡೂ ಕೈಯಲ್ಲಿ ಹಿಡಿದು ಚಾಚಿದಳು. "ತಗೋರಿ ಅಣ್ಣಾರ. ನಿಮ್ಮ ರೇಟು ನನಗ ಗಿಟ್ಟೂದಿಲ್ಲ." ವೀರಪ್ಪ ದಸ್ತಿ ಕಿತ್ತುಕೊಂಡು ಹೆಗಲಿಗೆ ಒಗೆದುಕೊಂಡ. ಪೇಟೆಯೆಲ್ಲ ಅವಳನ್ನೇ ನೋಡುತ್ತಿತ್ತು. ಒಬ್ಬರೂ ಮುಂದೆ ಬರಲಿಲ್ಲ. ಅವಳು ಬುಟ್ಟಿಗಳಿಗೆ ನೀರು ಚಿಮುಕಿಸುತ್ತ ಕುಳಿತಳು. ಸಲಹೆ ಕೊಟ್ಟವನು ನಾನು, ತೋಟ ಅವಳದು.

ಕೊನೆಗೆ ಖಾದರಸಾಬರು ಆ ಕಡೆ ಈ ಕಡೆ ನೋಡಿಕೊಂಡು ಬಂದರು. ಒಂದು ಎಲೆ ಎತ್ತಿ ಬೆಳಕಿಗೆ ಹಿಡಿದರು.

"ಏನ್ ಹೇಳ್ತಿ ಶಾಂತಕ್ಕಾ, ರೇಟು?"

ಅವಳು ಹೇಳಿದ ದರಕ್ಕೆ ಅವರು ಹೂಂ ಅನ್ನುವಷ್ಟರಲ್ಲಿ ಇನ್ನೊಬ್ಬ ವರ್ತಕ ಅದಕ್ಕಿಂತ ಹೆಚ್ಚು ಕೂಗಿದ. ಅಂದು ಶಾಂತವ್ವನ ಬುಟ್ಟಿಗಳೆಲ್ಲ ಎಲೆ ಹಸಿರಾಗಿರುವಾಗಲೇ ಖಾಲಿಯಾದವು. ಬಳ್ಳಿ ಕೀಳುವ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಆ ವಾರ ಇನ್ನೂ ಹಲವರು ದಸ್ತಿ ಮಡಚಿ ಕೊಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ವಾರ ಕಳೆಯುವುದರೊಳಗೆ ವೀರಪ್ಪನೇ ನನ್ನ ಕಚೇರಿಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ದನಿ ತಗ್ಗಿಸಿ ದೂರು ಹೇಳಿದ.

"ಸಾಹೇಬ್ರ, ಚಾರ್ ಮಿನಾರದವ್ರು ನನ್ನ ಮ್ಯಾಲ ಒಂದಾಗ್ಯಾರ್ರಿ."

"ನಿಮ್ಮನ್ನ ಬಿಟ್ಟು ಅದ್ಯಾವ ಚಾರ್ ಮಿನಾರ್ರಿ, ವೀರಪ್ಪನವ್ರ?"

ಅವನು ಹೆಗಲ ಮೇಲಿನ ದಸ್ತಿ ತೆಗೆದು, ಮಡಚಿ ಜೇಬಿಗಿಟ್ಟುಕೊಂಡ. ಆಮೇಲೆ ಎದ್ದು ಹೋದ.

ಬಲಾಢ್ಯರ ಗುಂಪಿಗೆ ಹೆಸರಿಡುವುದರಲ್ಲಿ ತಪ್ಪಿಲ್ಲ, ನಾನೂ ಇಟ್ಟಿದ್ದೇನೆ. ಆದರೆ ಹೆಸರಿಟ್ಟ ಮೇಲೆ ಅದರೊಳಗಿನ ಒಬ್ಬೊಬ್ಬನನ್ನೂ ಬೇರೆ ಬೇರೆಯಾಗಿ ಕೂರಿಸಿ ಮಾತಾಡಿಸಬೇಕು ಎಂಬುದನ್ನು ಈ ನೌಕರಿ ಕಲಿಸಿತು. ಕೆಲವೊಮ್ಮೆ ಅಲ್ಲಿ ನಿಜವಾದ ಕೂಟವೇ ಇರುತ್ತದೆ, ಆಗ ನೋಟಿಸ್ ಕೊಡಬೇಕು. ಎಷ್ಟೋ ಸಲ ಅಲ್ಲಿರುವುದು, ಮೊದಲು ಇನ್ಯಾರಾದರೂ ಕೇಳಲಿ ಎಂದು ಕಾಯುತ್ತಿರುವ ನಾಲ್ಕು ಮಂದಿ ಪುಕ್ಕಲರು.