ತೊಟ್ಟಿಲ ಬಳಿ ನಾನು ಆಡಿದ ಮಾತು

ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ನಾನು ಮಾಳಿಗೆಯ ಮೇಲೆ ಊಟದ ಪಂಕ್ತಿ ನೋಡಿಕೊಳ್ಳುತ್ತಿದ್ದೆ ಎಂದೇ ಎರಡು ವರ್ಷ ನಂಬಿದ್ದೆ. ಕಳೆದ ವಾರ ಹಳೆಯ ದಿನಚರಿ ತೆಗೆದೆ. ನಾನು ತೊಟ್ಟಿಲ ಪಕ್ಕದಲ್ಲೇ ನಿಂತಿದ್ದೆ.

ನನ್ನ ಒಡಹುಟ್ಟಿದವರೊಬ್ಬರು ಲಿಂಗಸುಗೂರಿನಲ್ಲಿ ನೌಕರಿಯಲ್ಲಿದ್ದಾರೆ. ನನಗಿಂತ ಎರಡು ವರ್ಷ ಚಿಕ್ಕವರು. ಮನೆ ಅವರನ್ನು ಮಗಳೆಂದು ಬೆಳೆಸಿತು. ತಾವು ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂಬುದು ಅವರಿಗೆ ಗೊತ್ತಿತ್ತು. ಒಮ್ಮೆ ಸಿಂಧನೂರಿನ ನನ್ನ ಬಾಡಿಗೆ ಮನೆಗೆ ಬಂದು, ಒಂದೇ ಒಂದನ್ನು ಕೇಳಿದರು: ತಮ್ಮನ್ನು ‘ಆಕಿ’ ಅನ್ನಬಾರದು, ‘ಅವ’ ಅನ್ನುವುದೂ ಬೇಡ, ‘ಅವರು’ ಅಂದರೆ ಸಾಕು. ಒಪ್ಪಿದೆ. ಓದಿದವನಿಗೆ ಒಪ್ಪುವುದು ಸುಲಭ. ಮಸ್ಕಿಯಲ್ಲಿನ ನಮ್ಮ ಮನೆಯವರಿಗೂ ನಾನೇ ಹೇಳುತ್ತೇನೆ ಎಂದೆ. ಆ ಮಾತು ನಂಬಿಯೇ ಅವರು ತೊಟ್ಟಿಲ ಕಾರ್ಯಕ್ಕೆ ಬಂದದ್ದು.

ಅವ್ವನಿಗೆ ಹೇಳಿದ್ದೆ, ನಿಜ. ಅವ್ವ ಅಕ್ಕಿ ಆರಿಸುತ್ತಲೇ, "ನಾ ಹಡದ ಕೂಸಿಗೆ ನಾನ ‘ರೀ’ ಹಚ್ಚಬೇಕೇನು? ಆಕಿ ಏನು ಮಠದ ಅಯ್ಯನೋರೇನು?" ಎಂದಳು. ನಾನು ನಕ್ಕೆ. ನನ್ನ ಪಾಲಿನದು ಮುಗಿಯಿತು ಅಂದುಕೊಂಡೆ. ಇದೇ ಅವ್ವ, ನಮ್ಮಿಬ್ಬರ ನಂತರ ಹುಟ್ಟಿದ ತಂಗಿಯ ಗಂಡ ಹೊಸ್ತಿಲಿಗೆ ಬಂದರೆ ಸೆರಗು ಸರಿಮಾಡಿಕೊಂಡು ಬರ್ರಿ, ಕುಂದರ್ರಿ ಅನ್ನುತ್ತಾಳೆ. ನಮ್ಮಿಬ್ಬರಿಗಿಂತ ಸಣ್ಣವನು, ಮದುವೆಯಾದ ದಿನವೇ ‘ಅವರು’ ಆದ.

ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಸೋದರತ್ತೆ ‘ಕುರ್ರ್’ ಎಂದು ಹೆಸರು ಉಸುರಬೇಕು. ಆಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಚೇಷ್ಟೆಯ ಗುದ್ದು. ಸಂತೆಕಲ್ಲೂರಿನಿಂದ ಬಂದಿದ್ದ ದೊಡ್ಡವ್ವ ಸೋದರತ್ತಿ ಎಲ್ಲಿ ಎಂದು ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ಆ ತಂಗಿ ಅಲ್ಲೇ ಇದ್ದಳು. ಅವಳನ್ನು ಮುಂದೆ ಮಾಡಿದ್ದರೆ ಆಗುತ್ತಿತ್ತು. ದಿನಚರಿಯಲ್ಲಿ ನಾನು ಹೇಳಿದ್ದು ನನ್ನದೇ ಅಕ್ಷರದಲ್ಲಿದೆ:

"ಆಕಿ ಒಳಗ ಅದಾಳ, ಕರೀರಿ."

ಅವರು ಬಂದರು. ನನ್ನತ್ತ ನೋಡಲಿಲ್ಲ. ತೊಟ್ಟಿಲಿಗೆ ಬಾಗಿ ಹೆಸರು ಹೇಳಿದರು. ‘ಅವರು’ ಅನ್ನಬೇಕಂತೆ ಎಂಬುದನ್ನು ಅವ್ವ ಮೊದಲೇ ದೊಡ್ಡವ್ವನ ಕಿವಿಗೆ ಹಾಕಿರಬೇಕು.

"ಜೋರ್ ಹಾಕ್ರಬೇ," ಎಂದಳು ದೊಡ್ಡವ್ವ. "ತಾ ಹೆಣ್ಣಂತ ಈಕಿಗೆ ನೆನಪಾಗ್ಲಿ."

ಗುದ್ದುಗಳು ಚೇಷ್ಟೆಯವೇ ಆಗಿದ್ದವೋ ಏನೋ, ಹೇಳಲಾರೆ. ಸದ್ದು ನೆನಪಿದೆ ಅನ್ನಿಸುತ್ತದೆ. ಮಾಳಿಗೆಯ ಮೇಲಿದ್ದೆ ಎಂದೂ ಅನ್ನಿಸಿತ್ತಲ್ಲ. ಬಡಿಸಿದ ಎಲೆ ಬಿಟ್ಟು ಅವರು ಲಿಂಗಸುಗೂರಿನ ಬಸ್ಸು ಹತ್ತಿದರು ಎಂಬುದಂತೂ ದಿನಚರಿಯಲ್ಲಿದೆ.

ಇಲ್ಲಿ ಒಮ್ಮೆಯೂ ತಪ್ಪದೆ ‘ಅವರು’ ಎಂದು ಬರೆದಿದ್ದೇನೆ. ಕಾಗದದ ಮೇಲೆ ನನಗೆ ಯಾರ ಭಯವೂ ಇಲ್ಲ.

ಮೊದಲೆಲ್ಲ ಫೋನು ಮಾಡಿದರೆ ‘ಏನೋ ಅಣ್ಣಾ, ಉಂಡೀಯೇನು’ ಎಂದೇ ಮಾತು ಶುರುವಾಗುತ್ತಿತ್ತು. ಈಗಲೂ ಅವರು ನನ್ನ ಫೋನು ತಪ್ಪಿಸುವುದಿಲ್ಲ. ಎರಡನೆಯ ರಿಂಗಿಗೇ ಎತ್ತುತ್ತಾರೆ.

"ಹೇಳ್ರಿ," ಅನ್ನುತ್ತಾರೆ. "ಆರಾಮ ಅದೀರಿ?"