ಗಂಬೂಟಿನ ನಡಿಗೆ

ಮೊಣಕಾಲು ಮುಟ್ಟುವ ಕಪ್ಪು ಗಂಬೂಟು, ಅದರೊಳಗೆ ತುರುಕಿದ ಚೂಡಿದಾರದ ಪ್ಯಾಂಟು, ಪ್ರತಿ ಹೆಜ್ಜೆಗೂ ನೆಲಕ್ಕೆ ಅಪ್ಪಳಿಸುವ ಹಿಮ್ಮಡಿ. ಐದಡಿಯೂ ಇಲ್ಲದ ನಮ್ಮ ಪಿಎಚ್‌ಡಿ ಗೈಡ್ ಮೇಡಂ ಕೀವಿಗಳ ನಾಡಿನ ಪಾಮರ್ಸ್ಟನ್ ನಾರ್ತ್‌ನ ವಿಶ್ವವಿದ್ಯಾಲಯದ ನಮ್ಮ ವಿಭಾಗದ ಕಾರಿಡಾರಿನಲ್ಲಿ ಬರುತ್ತಿದ್ದರೆ ಹೆಡ್ ಕಾನ್‌ಸ್ಟೇಬಲ್ ಬಂದ ಹಾಗಿರುತ್ತಿತ್ತು. ಸೇರಿದ ವಾರವೇ ನಾನು ಆ ನಡಿಗೆ ಕಲಿತೆ. ಭೂಕಂಪಶಾಸ್ತ್ರ ಕಲಿಯಲು ವರ್ಷಗಳೇ ಹಿಡಿದವು. ಅದು ಪೂರ್ತಿ ಬಂತೆಂದು ಅವರು ಕೊನೆಯವರೆಗೂ ಒಪ್ಪಲಿಲ್ಲ.

ಮೇಡಂ ಧಾರವಾಡದವರು. ಟೌಪೋ ಕಡೆಯ ಜ್ವಾಲಾಮುಖಿ ನೆಲದಲ್ಲಿ, ಆವಿಯೇಳುವ ಹುಲ್ಲುಗಾವಲುಗಳಲ್ಲಿ, ನಾವು ಗುಂಡಿ ತೋಡಿ ಕಂಪನಮಾಪಕಗಳನ್ನು ಹೂಳುತ್ತಿದ್ದೆವು. ಸಿಡಿಮದ್ದಿಟ್ಟು ನೆಲ ನಡುಗಿಸುವ ಕೆಲಸ ನಮ್ಮದಲ್ಲ. ಯಾರ ಅರಿವಿಗೂ ಬಾರದ ಪುಟ್ಟ ಕಂಪನಗಳು ತಾವಾಗಿ ಬರಲೆಂದು ತಿಂಗಳುಗಟ್ಟಲೆ ಕಾಯುವುದು. ಅವು ಹುಟ್ಟಿದ ಜಾಗಗಳನ್ನು ಗುರುತಿಸಿದರೆ ಕೆಳಗೆ ಬಿಸಿನೀರು ಹರಿಯುವ ಬಿರುಕುಗಳ ಸುಳಿವು ಸಿಗುತ್ತದೆ. ವಿದ್ಯುತ್ತಿಗಾಗಿ ಬಾವಿ ಎಲ್ಲಿ ಕೊರೆಯಬೇಕೆಂಬ ಅಂದಾಜೂ ಸಿಗುತ್ತದೆ. ಬಾಯಿ ಮುಚ್ಚದ ನನ್ನಂಥವನಿಗೆ ಇಂಥ ಕೆಲಸ. “ದೊಡ್ಡದು ಎಲ್ಲಾರಿಗೂ ಗೊತ್ತಾಗ್ತದ. ನಮಗ ಸಣ್ಣದು ಬೇಕು. ಸುಮ್ಮ ಕುಂದ್ರು ತಮ್ಮಾ,” ಎನ್ನುತ್ತಿದ್ದರು ಮೇಡಂ.

ಹೂತ ಮಾಪಕ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಬ್ಬರು ಅದರ ಪಕ್ಕದಲ್ಲಿ ಧಪಧಪ ನಡೆಯಬೇಕು, ಇನ್ನೊಬ್ಬರು ಲ್ಯಾಪ್‌ಟಾಪಿನಲ್ಲಿ ಗೆರೆ ಏಳುವುದನ್ನು ನೋಡಬೇಕು. ನಡೆಯುವ ಹಕ್ಕನ್ನು ಮೇಡಂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಬೇಲಿಯಾಚೆಯ ದನಗಳು ಮೇಯುವುದು ಬಿಟ್ಟು ನೋಡುತ್ತಿದ್ದವು.

ಒಂದು ಯುಗಾದಿಗೆ ಅಲ್ಲಿನ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದಾಗ ನನ್ನ ಅಣಕು ಶುರುವಾಯಿತು. ಮೊದಲು ನನ್ನದೇ: ಕೀವಿ ರೈತನ ಎದುರು ಇಂಗ್ಲಿಷ್ ಮರೆತು ಬರೀ ತಲೆಯಾಡಿಸುವ ಬೆಂಗಳೂರು ಹುಡುಗ. ಆಮೇಲೆ ಮೇಡಂ ನಡಿಗೆ. ಎಲ್ಲರೂ ನಕ್ಕರು. ಮೇಡಂ ಮಾತ್ರ ಹೋಳಿಗೆ ತಟ್ಟೆ ಪಕ್ಕಕ್ಕಿಟ್ಟರು.

“ಇನ್ನೊಮ್ಮೆ ನಡಿ.”

ಇವತ್ತು ಮಂಗಳಾರತಿಯೇ ಎಂದುಕೊಂಡು ನಡೆದೆ.

“ಎಡಗಾಲು ಯಾಕ ಎಳೀಲಿಕ್ಕತ್ತೀ?”

“ನೀವು ಹಾಗೇ ನಡೀತೀರಲ್ಲ ಮೇಡಂ.”

“ಮೊದಲಿಂದನೂ ಹಿಂಗನ?”

ಯೋಚಿಸಿದೆ. ನನ್ನ ತಲೆಗಿಂತ ಕಾಲಿಗೇ ಚೆನ್ನಾಗಿ ನೆನಪಿತ್ತು. “ಇಲ್ಲ. ಕ್ರಿಸ್ಮಸ್ ಆದಮೇಲಿಂದ.”

ಅಲ್ಲೇ ಕೂತಿದ್ದ ಮೈಸೂರಿನ ಡಾಕ್ಟರ್ ಆಂಟಿ ನಗು ನಿಲ್ಲಿಸಿ, ಸೋಮವಾರ ಆಸ್ಪತ್ರೆಗೆ ಬನ್ನಿ ಎಂದರು. ಅಲ್ಲಿ ಪರೀಕ್ಷೆ ಮಾಡಿ ನೋಡಿದರೆ ನರಗಳ ಕಾಯಿಲೆ. ವಾಸಿಯಾಗುವಂಥದ್ದಲ್ಲ. ಇಷ್ಟು ಬೇಗ ಗೊತ್ತಾಗಿದ್ದರಿಂದ ಮುಂದಿನದನ್ನು ಯೋಚಿಸಲು ಸಮಯವಿದೆ ಎಂದು ಡಾಕ್ಟರುಗಳು ಹೇಳಿದರಂತೆ. “ನೋಡು, ಸಣ್ಣದನ್ನ ಹಿಡದಿ,” ಎಂದು ಮೇಡಂ ನನ್ನ ಬೆನ್ನು ತಟ್ಟಿದರು.

ಉಳಿದ ಮಾಪಕಗಳನ್ನೆಲ್ಲ ಹೂತು ಮುಗಿಸಬೇಕೆಂಬುದೊಂದೇ ಆಮೇಲೆ ಅವರಿಗಿದ್ದ ಹಟ. ಕೊನೆಯ ಸಲ ಹೋದಾಗ ಗುಂಡಿಯವರೆಗೆ ಬರಲಾಗಲಿಲ್ಲ. ಯೂಟ್ ಎಂಬ ಪಿಕಪ್ ಗಾಡಿಯ ಬಾಗಿಲು ತೆರೆದುಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತರು. ಕಾಲಲ್ಲಿ ಅದೇ ಗಂಬೂಟು.

“ನನ್ನ ಹಂಗ ನಡಿ. ಮೊದಲಿನ ಹಂಗ.”

ನಡೆದೆ. ಮೊದಲ ಹೆಜ್ಜೆಗೇ ಗೆರೆ ಎದ್ದಿರಬೇಕು. ಅವರು ನೋಡುತ್ತಲೇ ಇದ್ದರು, ಸಾಕು ಅನ್ನಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಮುಂದಿನ ಚಳಿಗಾಲದಲ್ಲಿ ಮೇಡಂ ತೀರಿಹೋದರು. ಈಗ ನನ್ನ ಜೊತೆ ಬರುವ ಹುಡುಗಿ ಲ್ಯಾಪ್‌ಟಾಪ್ ನೋಡಿ, ಬಂತು ಸರ್, ಸಾಕು ಅನ್ನುತ್ತಾಳೆ. ಕೇಳಿಸದವನ ಹಾಗೆ ಇನ್ನೊಂದಿಷ್ಟು ದೂರ ನಡೆಯುತ್ತೇನೆ, ಎಡಗಾಲನ್ನೂ ಚೆನ್ನಾಗಿ ಎತ್ತಿ ಹಾಕುತ್ತಾ.