ಮಾಳಿಗೆಯ ದೀಪ ಮತ್ತು ಬೆಂಗಳೂರಿನ ಸೂರ್ಯ

ಅಡುಗೆಮನೆಗೆ ಹೋಗುವ ದಾರಿಯ ಗೋಡೆಯ ಮೇಲೆ ನಮ್ಮ ಮನೆಯಲ್ಲಿ ಬೂದುಬಣ್ಣದ ಒಂದು ಪೆಟ್ಟಿಗೆ ಇತ್ತು. ಹೊತ್ತು ಮುಳುಗಿದಾಗ ಮಾಳಿಗೆಯ ದೀಪ ಹಚ್ಚುವುದು, ಬೆಳಗಾದಾಗ ಆರಿಸುವುದು, ಮೇಲಿನ ಟ್ಯಾಂಕ್ ಬರಿದಾದರೆ ಮೋಟಾರು ಚಾಲೂ ಮಾಡುವುದು, ತುಂಬಿದರೆ ಬಂದ್ ಮಾಡುವುದು ಅದರ ಕೆಲಸ. ಸವಣೂರಿನಲ್ಲಿ ಇಂಥದ್ದನ್ನು ಹಾಕಿಸಿದವರಲ್ಲಿ ನಾವೇ ಮೊದಲಿಗರು ಎಂದು ನಾನು ಹೇಳುತ್ತ ಬಂದಿದ್ದೇನೆ. ಹೆಂಡತಿ ಒಪ್ಪುವುದಿಲ್ಲ. ಪರಿಚಯದ ಡಾಕ್ಟರ ಮನೆಯಲ್ಲಿ ನೋಡಿಕೊಂಡು ಬಂದು ನಾನು ಹಠ ಹಿಡಿದೆನಂತೆ. ಡಾಕ್ಟರ ಮನೆಗೆ ಹೋದದ್ದು ನನಗೆ ನೆನಪಿದೆ, ಪೆಟ್ಟಿಗೆ ನೆನಪಿಲ್ಲ. ಅವಳಿಗೆ ಪೆಟ್ಟಿಗೆ ನೆನಪಿದೆ, ಯಾಕೆ ಹೋಗಿದ್ದೆವು ಎಂಬುದು ನೆನಪಿಲ್ಲ.

ಪೆಟ್ಟಿಗೆಗೆ ವಯಸ್ಸಾಯಿತು. ಅದನ್ನು ಮಾಡಿದ ಕಂಪನಿ ಮುಚ್ಚಿಹೋಯಿತು. ಒಳಗಿನ ಸಣ್ಣ ಬ್ಯಾಟರಿ ಸತ್ತಿತು. ಅದನ್ನು ಸರ್ಕಿಟ್ ಹಲಗೆಗೇ ಬೆಸೆದಿದ್ದರಿಂದ ಕೀಳಲು ಹೋದರೆ ಹಲಗೆಯೂ ಕೈಗೆ ಬರುತ್ತದೆ ಎಂದರು ರಿಪೇರಿಯವರು. ಬ್ಯಾಟರಿ ಇಲ್ಲದ್ದರಿಂದ ಕರೆಂಟ್ ಹೋದಾಗ ಅದರ ಗಡಿಯಾರ ನಿಲ್ಲುತ್ತಿತ್ತು, ಬಂದಾಗ ನಿಂತಲ್ಲಿಂದಲೇ ಮತ್ತೆ ಹೊರಡುತ್ತಿತ್ತು. ಹೀಗಾಗಿ ಅದರ ಸಂಜೆ ಊರಿನ ಸಂಜೆಗಿಂತ ಯಾವಾಗಲೂ ಹಿಂದೆ. ನೆನಪಾದಾಗ ನಾನು ಸರಿಮಾಡುತ್ತಿದ್ದೆ. ನೆನಪಾಗದ ವಾರಗಳೇ ಹೆಚ್ಚು. ಕೆಲವು ಸಂಜೆ ದೀಪ ಹತ್ತುತ್ತಲೇ ಇರಲಿಲ್ಲ. ಪೆಟ್ಟಿಗೆಯ ಮೈಮೇಲೆ ಅಂಗೈಯಿಂದ ತಟ್ಟಿದರೆ ಎಚ್ಚರಾಗುತ್ತಿತ್ತು.

ರಮಜಾನಿನ ಒಂದು ಮಧ್ಯಾಹ್ನ ಶಿಗ್ಗಾವಿಯಿಂದ ಎಲೆಕ್ಟ್ರಿಷಿಯನ್ ಬಂದರು. ನನ್ನದೇ ವಯಸ್ಸಿನವರು, ಮಾತುಗಾರರು. ಪೆಟ್ಟಿಗೆಯ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು.

“ಇದು ಮ್ಯೂಸಿಯಂದಾಗ ಇಡೂ ಸಾಮಾನ್ರೀ ಸರ. ನೀವು ಇನ್ನೂ ಮನಿಯಾಗ ಇಟ್ಕೊಂಡೀರಿ.”

ಒಳಗಿನಿಂದ ಹೆಂಡತಿ, “ಅಂಥಾದ್ದು ಇನ್ನೊಂದೈತ್ರಿ ಮನಿಯಾಗ. ಅದನ್ನೂ ಒಯ್ತೀರೇನು?” ಎಂದಳು.

ಅವರು ನನ್ನ ಮುಖ ನೋಡಿ ನಗು ತಡೆದುಕೊಂಡರು. ಎಲ್ಲವನ್ನೂ ಒಮ್ಮೆಲೇ ಬದಲಿಸುವುದು ಬೇಡ, ಮಾಳಿಗೆಯ ದೀಪವೊಂದನ್ನು ಹೊಸ ಸಾಧನಕ್ಕೆ ಕೂಡಿಸುತ್ತೇನೆ, ನಾಲ್ಕು ದಿನ ನೋಡಿ, ಮನಸ್ಸಿಗೆ ಬಂದರೆ ಮೋಟಾರಿನದೂ ಮಾಡೋಣ ಎಂದರು. ಬೆಂಕಿಪೊಟ್ಟಣದಷ್ಟು ಸಣ್ಣ ಸಾಧನ. ನನ್ನ ಫೋನಿನಲ್ಲಿ ಅದರ ಆ್ಯಪ್ ಹಾಕಿಕೊಟ್ಟರು. ಇನ್ನು ಮುಂದೆ ಸೂರ್ಯ ಮುಳುಗಿದ ಕೂಡಲೇ ದೀಪ ತಾನಾಗಿ ಹತ್ತುತ್ತದೆ, ತಟ್ಟುವುದು ಬೇಕಿಲ್ಲ ಎಂದು ಹೇಳಿ ಬಸ್ಸಿಗೆ ಹೋದರು.

ಅಂದು ಸಂಜೆ ಹೊಸ ದೀಪ ಹತ್ತುವುದನ್ನು ನೋಡಬೇಕೆಂದೇ ನಾನು ಮಾಳಿಗೆ ಹತ್ತಿದೆ.

ನಮ್ಮ ಮಾಳಿಗೆಯಿಂದ ಓಣಿಯ ಆಚೆಯ ಮನೆಯ ಅಂಗಳ ಕಾಣುತ್ತದೆ. ಅಲ್ಲಿ ಒಬ್ಬ ಮುದುಕಿ ಇದ್ದಾರೆ. ಇಡೀ ಓಣಿ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತದೆ, ನಾವೂ ಹಾಗೆಯೇ. ಕಿವಿ ಬಹಳ ಮಂದ. ಮಗ ಮತ್ತು ಸೊಸೆ ಬಸ್‌ಸ್ಟ್ಯಾಂಡಿನ ಹತ್ತಿರ ಹಣ್ಣಿನ ಅಂಗಡಿ ನಡೆಸುತ್ತಾರೆ. ರಮಜಾನಿನಲ್ಲಿ ಸಂಜೆಯೇ ಅವರಿಗೆ ವ್ಯಾಪಾರದ ಹೊತ್ತು. ಅವರು ಅಲ್ಲೇ ದಿನದ ಉಪವಾಸ, ಅಂದರೆ ರೋಜಾ, ಬಿಡುತ್ತಾರೆ, ಖಾಲಾ ಮನೆಯಲ್ಲಿ ಒಬ್ಬರೇ. ಇದೆಲ್ಲ ನನಗೆ ಗೊತ್ತಿತ್ತು. ಮಸೀದಿಯ ಸಂಜೆಯ ಆಜಾನ್ ಕೂಗು ಕೇಳಿಸದ ಮನುಷ್ಯರಿಗೆ ರೋಜಾ ಬಿಡುವ ಹೊತ್ತು ಹೇಗೆ ತಿಳಿಯುತ್ತದೆ ಎಂಬ ಪ್ರಶ್ನೆ ಇಷ್ಟು ವರ್ಷ ಎದುರಿಗೇ ಇದ್ದರೂ ನನಗೆ ಹೊಳೆದಿರಲಿಲ್ಲ.

ದೀಪ ಹತ್ತಿತು. ಸದ್ದಿಲ್ಲದೆ, ಸೊಗಸಾಗಿ. ಕೆಳಗೆ ಖಾಲಾ ತಲೆ ಎತ್ತಿದರು. ನನ್ನನ್ನು ನೋಡಿದರೆಂದು ತಿಳಿದು ನಾನು ಕೈ ಎತ್ತಿದೆ. ಅವರು ನನ್ನ ಕಡೆ ನೋಡಿಯೇ ಇರಲಿಲ್ಲ. ನನ್ನ ತಲೆಯ ಮೇಲಿದ್ದ ದೀಪವನ್ನು ನೋಡಿ, ಎರಡೂ ಅಂಗೈ ತೆರೆದು, ತುಟಿ ಅಲುಗಾಡಿಸತೊಡಗಿದರು. ಮುಂದೆ ಒಂದು ತಟ್ಟೆ, ನೀರಿನ ಲೋಟ.

ನಾನು ಪಶ್ಚಿಮಕ್ಕೆ ತಿರುಗಿದೆ. ಬಂಕಾಪುರದ ಕಡೆಯ ಹೊಲಗಳ ಮೇಲೆ ಸೂರ್ಯ ಇನ್ನೂ ಇದ್ದ. ಪೂರ್ತಿ ದುಂಡಗೆ, ಕೆಂಪಗೆ, ನೆಲದಿಂದ ಒಂದು ಬೆರಳು ಮೇಲೆ.

ಇಲ್ಲಿಂದ ಮುಂದಿನದನ್ನು ನಾನು ಬಹಳ ಜನರಿಗೆ ಹೇಳಿದ್ದೇನೆ, ಹೇಳಿದಂತೆಲ್ಲ ಅದು ನಯವಾಗಿದೆ. ಆದ್ದರಿಂದ ನಯವಾದುದನ್ನು ನಂಬಬೇಡಿ. ನಾನು ಕೂಗಿದೆ, ಇದು ಖಂಡಿತ. ಕಿವಿ ಕೇಳಿಸದವರನ್ನು ಕೂಗಿದೆ. ಆಮೇಲೆ ಆ್ಯಪಿನಲ್ಲಿ ದೀಪ ಆರಿಸಲು ಫೋನು ತೆಗೆದೆ. ಆ್ಯಪ್ ತೆರೆಯದೆ ಅದರ ಪರದೆಯ ಮೇಲೆ ಒಂದು ಸಣ್ಣ ಬಳೆ ಸುತ್ತುತ್ತಲೇ ಇತ್ತು. ಆಮೇಲೆ ಮೆಟ್ಟಿಲ ಬಾಯಿಯಲ್ಲಿದ್ದ ಸ್ವಿಚ್ಚಿಗೆ ಓಡಿದೆ. ದೀಪ ಆರಿಸಿ ತಿರುಗಿದಾಗ ಖರ್ಜೂರ ಅವರ ತುಟಿಯ ಹತ್ತಿರ ಇತ್ತು. ಖಾಲಾ ಹೇಳುವ ಪ್ರಕಾರ ಅದು ಇನ್ನೂ ತಟ್ಟೆಯಲ್ಲೇ ಇತ್ತು, ಬರೀ ಕೈ ಮುಂದೆ ಮಾಡಿದ್ದರು. ಅವರ ಕೈ, ಅವರ ಖರ್ಜೂರ. ಅವರ ಮಾತೇ ಸರಿಯಿರಬೇಕು. ನನ್ನ ಕಣ್ಣಿಗೆ ಮಾತ್ರ ಅದು ಈಗಲೂ ತುಟಿಯ ಹತ್ತಿರವೇ ಇದೆ.

ದೀಪ ಆರಿದ್ದನ್ನು ಕಂಡು ಅವರು ಗಾಬರಿಯಾಗಲಿಲ್ಲ. ಯಾರು ಆರಿಸಿದರು, ಯಾಕೆ ಆರಿಸಿದರು ಎಂದು ಅತ್ತಿತ್ತ ನೋಡಲಿಲ್ಲ. ತಟ್ಟೆಯ ಮೇಲೆ ಬಟ್ಟೆ ಮುಚ್ಚಿ, ಕೈ ಮಡಿಲಲ್ಲಿಟ್ಟುಕೊಂಡು, ಆರಿದ ದೀಪವನ್ನೇ ನೋಡುತ್ತ ಕುಳಿತರು. ದೀಪ ಇಲ್ಲವೆಂದರೆ ಸಂಜೆ ಇನ್ನೂ ಆಗಿಲ್ಲ.

ನಾನು ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ನಿಂತೆ. ನಸುಕಿನಿಂದ ಬಾಯಿಗೆ ನೀರು ಹಾಕದ ಒಂದು ಜೀವದ ಸಂಜೆ ನನ್ನ ಬೆರಳಿನಲ್ಲಿ ಇತ್ತು. ನಾನು ಉಪವಾಸ ಮಾಡುವವನಲ್ಲ, ಅವರ ದೇವರಿಗೂ ನನಗೂ ಪರಿಚಯವಿಲ್ಲ. ಆದರೂ ಸೂರ್ಯ ಮುಳುಗುವುದನ್ನು ಅಷ್ಟು ಹತ್ತಿರದಿಂದ, ತಪ್ಪು ಮಾಡಬಾರದೆಂಬ ಭಯದಿಂದ, ನಾನು ಅದುವರೆಗೆ ನೋಡಿರಲಿಲ್ಲ. ಅದು ಇಳಿಯುವುದು ಕಣ್ಣಿಗೆ ಕಾಣುತ್ತದೆ. ಮುಳ್ಳಿಲ್ಲದ, ಅಂಕಿಯಿಲ್ಲದ ಆ ಗಡಿಯಾರ ಯಾರ ಕೈಗೂ ಸಿಗದೆ ಇಳಿಯುತ್ತಿತ್ತು. ಬೆಂಗಳೂರಿನಲ್ಲಿ ಹೊತ್ತು ಆಗಲೇ ಮುಳುಗಿದೆ. ಚಿಕ್ಕೇರೂರಿನ ನನ್ನ ತಂಗಿಯ ಅಂಗಳದಲ್ಲಿ ಈಗ ಮುಳುಗಬೇಕು. ಹಾನಗಲ್ಲಿನವರಿಗೆ ನಮಗಿಂತ ಒಂದು ಚೂರು ಹೆಚ್ಚು ಉಳಿದಿರುತ್ತದೆ. ಸಂಜೆ ಎಂದರೆ ಎಲ್ಲೆಲ್ಲೂ ಒಮ್ಮೆಲೇ ಬೀಳುವ ಪರದೆ ಎಂದುಕೊಂಡಿದ್ದೆ. ಅದು ನಡೆದುಕೊಂಡು ಬರುತ್ತದೆ, ಪೂರ್ವದಿಂದ, ಊರಿನ ಹಿಂದೆ ಊರು, ಒಂದು ಅಂಗಳವನ್ನೂ ಬಿಡದೆ. ಅಂದು ಅದು ನಮ್ಮ ಓಣಿಯ ಹತ್ತಿರ ಬರುತ್ತಿದ್ದುದು ನನಗೆ ಗೊತ್ತಾಯಿತು.

ಕೊನೆಯ ಕೆಂಪು ಗೆರೆ ನೆಲಕ್ಕೆ ಇಳಿಯಿತು. ಒಂದು ಮಸೀದಿಯಿಂದ ಆಜಾನ್ ಎದ್ದಿತು, ಹಿಂದೆಯೇ ಇನ್ನೊಂದರಿಂದ. ಆದರೂ ಮತ್ತೊಮ್ಮೆ ಪಶ್ಚಿಮಕ್ಕೆ ನೋಡಿ ಸ್ವಿಚ್ ಒತ್ತಿದೆ. ಖಾಲಾ ಬಟ್ಟೆ ಸರಿಸಿದರು.

ಮರುದಿನ ಮುಂಜಾನೆ ನಾನೂ ಹೆಂಡತಿಯೂ ಖಾಲಾ ಮನೆಗೆ ಹೋದೆವು. ಸೊಸೆ ಅಂಗಡಿಗೆ ಹೊರಟಿದ್ದವಳು ನಿಂತು ಎಲ್ಲ ಹೇಳಿದಳು. ಕಿವಿ ಮಂದವಾದ ಮೇಲೆ ಅತ್ತೆ ನಮ್ಮ ಮಾಳಿಗೆಯ ದೀಪ ನೋಡಿಯೇ ರೋಜಾ ಬಿಡುತ್ತಿದ್ದರು. ಮಗ ಹೊತ್ತಿಗೆ ಸರಿಯಾಗಿ ಕೈಯಲ್ಲಿ ನಡುಗುವ ಫೋನು ತಂದುಕೊಟ್ಟರೆ ಬೇಡವೆಂದು ತಿರುಗಿ ಕೊಟ್ಟಿದ್ದರು. ಹೋದ ವರ್ಷ ಒಂದು ಸಂಜೆ ದೀಪ ಹತ್ತದೆ, ಸೊಸೆ ಮನೆಗೆ ಬರುವವರೆಗೆ ತಟ್ಟೆ ಮುಂದಿಟ್ಟುಕೊಂಡೇ ಕುಳಿತಿದ್ದರು. ಆ ಸಂಜೆ ನಾವು ಶಿಗ್ಗಾವಿಗೆ ಮದುವೆಗೆ ಹೋಗಿದ್ದಿರಬೇಕು. ಪೆಟ್ಟಿಗೆ ತಟ್ಟುವವರು ಇರಲಿಲ್ಲ.

ನಮ್ಮ ದೀಪ ಯಾವಾಗಲೂ ತಡವಾಗಿ ಹತ್ತುತ್ತಿತ್ತಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದು ನಾನು ಅವರ ಕಿವಿಯ ಹತ್ತಿರ ಬಾಗಿ ಕೇಳಿದೆ.

“ಗೊತ್ತದ ತಮ್ಮಾ, ನಿಮ್ಮ ದೀಪ ಆಳಸಿ,” ಎಂದರು ಖಾಲಾ. “ತಡಾ ಆದ್ರ ಇನ್ನೊಂದೀಟು ನೀರಡಿಕಿ. ಲಗೂ ಆದ್ರ ಇಡೀ ದಿನಾನ ಹೋತು.”

ಹೊರಗೆ ಬಂದ ಮೇಲೆ, ಹಾಗಾದರೆ ಹಳೆಯ ಪೆಟ್ಟಿಗೆಯನ್ನೇ ಇಟ್ಟುಕೊಳ್ಳೋಣ, ಅದು ಎಂದೂ ಮುಂದೆ ಓಡುವುದಿಲ್ಲ ಎಂದೆ. ನನಗೆ ಅದರ ಮೇಲೆ ಹೊಸದಾಗಿ ಪ್ರೀತಿ ಉಕ್ಕಿತ್ತು. ಹೆಂಡತಿ ಓಣಿಯ ನಡುವೆ ನಿಂತಳು.

“ಹಳೇದು ಇಟ್ರ ಅಕಿನ್ನ ಉಪಾಸ ಕುಂದರಸ್ತೀರಿ. ಹೊಸಾದು ಇಟ್ರ ಅಕಿ ರೋಜಾ ಕೆಡಸ್ತೀರಿ. ಛಲೋ ವಿಚಾರ ಮಾಡ್ರಿ, ಬರೇ ಹಳೇದರ ಮ್ಯಾಲೆ ಮರಗಬ್ಯಾಡ್ರಿ.”

ಶಿಗ್ಗಾವಿಗೆ ಫೋನು ಮಾಡಿದೆ. ವಿಷಯ ಕೇಳಿ ಎಲೆಕ್ಟ್ರಿಷಿಯನ್ ತಪ್ಪು ಒಪ್ಪಿಕೊಂಡರು.

“ಆ್ಯಪಿನಾಗ ಊರು ಆರಿಸೂ ಪಟ್ಟಿ ಐತ್ರಿ, ಆ ಊರಿನ ಹೊತ್ತು ಮುಳುಗೂದು ನೋಡಿ ದೀಪ ಹತ್ತತೈತಿ, ಅದರಾಗ ನಮ್ಮ ಊರು ಯಾವೂ ಇಲ್ರೀ ಸರ. ಸವಣೂರಿಲ್ಲ, ಶಿಗ್ಗಾವಿಲ್ಲ, ಹಾನಗಲ್ಲಿಲ್ಲ, ಹಿರೇಕೆರೂರಿಲ್ಲ. ಬೆಂಗಳೂರು ಅಂತ ಮೊದಲ ಇತ್ತು, ಹಂಗ ಬಿಟ್ಟೆ. ದೀಪ ಎಂಟತ್ತು ನಿಮಿಷ ಮೊದಲ ಹತ್ತಿದ್ರ ಏನಾಗ್ತೈತಿ ಅಂದ್ಕೊಂಡೆ.”

ಪಟ್ಟಿಯಲ್ಲಿ ಹಾವೇರಿಯೂ ಇರಲಿಲ್ಲ. ಹುಬ್ಬಳ್ಳಿ ಇತ್ತು. ಹುಬ್ಬಳ್ಳಿ ನಮಗೆ ಪೂರ್ವಕ್ಕೋ ಪಶ್ಚಿಮಕ್ಕೋ? ಲೆಕ್ಕವಿಲ್ಲದಷ್ಟು ಸಲ ಹೋಗಿ ಬಂದಿದ್ದೇನೆ, ಉತ್ತರಕ್ಕೆ ಎಂದಷ್ಟೇ ಗೊತ್ತಿತ್ತು. ನಕ್ಷೆ ತೆರೆದು ನೋಡಿದರೆ ಸ್ವಲ್ಪ ಪಶ್ಚಿಮಕ್ಕಿದೆ. ಎಂದರೆ ಅಲ್ಲಿ ಸೂರ್ಯ ನಮಗಿಂತ ಕೊಂಚ ತಡವಾಗಿ ಮುಳುಗುತ್ತಾನೆ. ಎಂದೂ ಮೊದಲಲ್ಲ. ಆ್ಯಪಿನಲ್ಲಿ ಬೆಂಗಳೂರು ಅಳಿಸಿ ಹುಬ್ಬಳ್ಳಿ ಹಾಕಿದೆ. ಆದರೂ ನಂಬದೆ, ಕೆಲವು ಸಂಜೆ ದೀಪದ ಸ್ವಿಚ್ ಬಂದ್ ಇಟ್ಟು ಮಾಳಿಗೆಯಲ್ಲೇ ನಿಂತೆ. ಫೋನಿನಲ್ಲಿ ಹೊತ್ತು ಆಯಿತೆಂದು ಬರುವ ಮೊದಲೇ ಆಜಾನ್ ಏಳುತ್ತಿತ್ತು, ಪ್ರತಿ ಸಲ. ಆ ಸಂಜೆಗಳಲ್ಲಿ ನಾನೇ ದೀಪ ಹಚ್ಚಿದೆ. ಆಮೇಲೆ ಶಿಗ್ಗಾವಿಯಿಂದ ಅವರು ಬಂದು ಬೂದು ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿದರು.

ಖಾಲಾಗೆ ಇದನ್ನು ಹೇಗೆ ಹೇಳುವುದು? ದೀಪ ಹೊಸದು, ಇನ್ನು ಮುಂದೆ ಹುಬ್ಬಳ್ಳಿಯ ಸೂರ್ಯ ನೋಡಿ ಹತ್ತುತ್ತದೆ, ನಮಗಿಂತ ಒಂದು ಕ್ಷಣ ತಡ ಎಂದು ಜೋರಾಗಿ ವಿವರಿಸಿದೆ. ಅವರು ಯೋಚಿಸಿದರು.

“ಹುಬ್ಬಳ್ಳಿದೇನು? ನಡೀತೈತಿ ಬಿಡು. ನನ್ನ ತವರಮನಿ ಅಲ್ಲೇ.”

ಹಬ್ಬ ಮುಗಿದಿದೆ. ಖಾಲಾ ಈಗ ಸಂಜೆ ಹೊತ್ತು ಒಳಗೇ ಇರುತ್ತಾರೆ, ದೀಪದ ಹಂಗಿಲ್ಲ. ಮೋಟಾರೂ ಹೊಸ ಸಾಧನದ ಮೇಲೆಯೇ ನಡೆಯುತ್ತಿದೆ. ನಾನು ಮಾತ್ರ ಹೊತ್ತು ಮುಳುಗುವಾಗ ಮೇಲೆ ಹೋಗುವುದನ್ನು ಬಿಟ್ಟಿಲ್ಲ. ಸುತ್ತ ಎಷ್ಟೊಂದು ಮಾಳಿಗೆ, ಎಷ್ಟೊಂದು ಕಿಟಕಿ. ದೂರದ ಒಂದು ಬಾಗಿಲಲ್ಲಿ ಯಾರೋ ಹೊಲಿಗೆ ಮಷಿನ್ ಮುಂದೆ ಕುಳಿತಿರುತ್ತಾರೆ. ನಮ್ಮ ದೀಪ ಹತ್ತುತ್ತದೆ. ಸ್ವಲ್ಪ ಹೊತ್ತಿಗೆ ಅವರು ಬಟ್ಟೆ ಮಡಿಸಿ ಏಳುತ್ತಾರೆ. ಕತ್ತಲಾಯಿತೆಂದು ಏಳುತ್ತಾರೋ, ದೀಪ ನೋಡಿ ಏಳುತ್ತಾರೋ ತಿಳಿಯದು. ಹೋಗಿ ಕೇಳಬಹುದು. ಇನ್ನೂ ಕೇಳಿಲ್ಲ.